ಗಂಟಲು ಸರಿಮಾಡಿಕೊಳ್ಳುವವರು

ಕೊರೋನಾದ ಎರಡು ವರ್ಷ ಡೆನ್ಮಾರ್ಕಿನ ನಮ್ಮ ಲೆಮ್ವಿ ಊರಿನಲ್ಲಿ ಆಸ್ಗರ್‌ನಷ್ಟು ಕಟ್ಟುನಿಟ್ಟಿನ ಮನುಷ್ಯ ಇನ್ನೊಬ್ಬನಿರಲಿಲ್ಲ. ಚರ್ಚಿನಲ್ಲಿ ಆರ್ಗನ್ ನುಡಿಸುವವನು ಅವನೇ, ನಮ್ಮ ಗಾಯನವೃಂದವನ್ನು ನಡೆಸುವವನೂ ಅವನೇ. ಮಾಸ್ಕು ಮೂಗಿನಿಂದ ಜಾರಿತೆಂದು ಒಬ್ಬ ಹೆಂಗಸನ್ನು ಎಲ್ಲರೆದುರು ಗದರಿಸಿ ಅಭ್ಯಾಸದ ನಡುವೆಯೇ ಮನೆಗೆ ಅಟ್ಟಿದ್ದ. ಊರಿನ ಪತ್ರಿಕೆಯಲ್ಲಿ ಅವನ ಫೋಟೋ ಬಂದಿತ್ತು. ಖಾಲಿ ಚರ್ಚು, ಕೈಕಟ್ಟಿ ನಿಂತ ಆಸ್ಗರ್, ಕೆಳಗೆ ಅವನ ಮಾತು: 'ನಾವು ಹಿರಿಯರಿಗಾಗಿ ಉಸಿರು ಹಿಡಿದಿದ್ದೇವೆ.' ಅದನ್ನು ಓದಿ ನನ್ನ ಗೆಳತಿ ವಿಬೆಕೆ ಕಣ್ಣೊರೆಸಿಕೊಂಡಿದ್ದಳು. ಆಸ್ಗರ್ ವಿಷಯಕ್ಕೆ ಅವಳು ಸುಲಭವಾಗಿ ಕಣ್ಣೊರೆಸಿಕೊಳ್ಳುತ್ತಾಳೆ.

ಆಮೇಲೆ ಸರ್ಕಾರ ಕಾನೂನುಗಳನ್ನೆಲ್ಲ ತೆಗೆದುಹಾಕಿತು. ಅವುಗಳ ಜೊತೆಗೇ ಆಸ್ಗರ್‌ನ ಕಟ್ಟುನಿಟ್ಟೂ ಹೋಯಿತು. ಅವನಿಗೆ ಬೇಕಾಗಿದ್ದದ್ದು ಹಿರಿಯರ ಜೀವವಲ್ಲ, ಗದರಿಸುವ ಹಕ್ಕು. ಹಕ್ಕು ಹೋದ ಮೇಲೆ ಹಿರಿಯರು ಏನಾದರೆ ಅವನಿಗೇನು?

ಆ ಮೇ ತಿಂಗಳಲ್ಲಿ, ಸಮುದ್ರದಾಚೆ ಇದ್ದರೂ ಡೆನ್ಮಾರ್ಕಿನ ಆಳ್ವಿಕೆಗೇ ಸೇರಿದ ಫೆರೋ ದ್ವೀಪಗಳಲ್ಲಿ ಒಂದು ಸಂಗೀತೋತ್ಸವವಿತ್ತು. ನಮ್ಮ ವೃಂದಕ್ಕೂ ಕರೆ ಬಂತು. ಕರೆ ಬಂತು ಅನ್ನುವುದಕ್ಕಿಂತ, ಕರೆ ಬರುವ ತನಕ ಆಸ್ಗರ್ ಅವರಿಗೆ ಬರೆಯುತ್ತಲೇ ಇದ್ದ ಅನ್ನಬೇಕು.

"ಪಾಪ, ಅಲ್ಲಿಯವರು ಕುರಿ, ಮಂಜು ಬಿಟ್ರೆ ಬೇರೇನು ಕಂಡಿದಾರೆ?" ಎಂದು ಅಭ್ಯಾಸದ ದಿನ ಹೇಳಿದ. "ನಾವು ಹೋಗಿ ಹಾಡಿದ್ರೆ ಅವ್ರಿಗೆ ಅದೇ ಒಂದು ಹಬ್ಬ."

ಆ ದ್ವೀಪಗಳಲ್ಲಿ ಮೀನು ಹಿಡಿಯುವವನೂ ನಾಲ್ಕು ದನಿಗಳ ಹಾಡಿನಲ್ಲಿ ತನ್ನ ದನಿ ತಪ್ಪುವುದಿಲ್ಲ. ನಮ್ಮಲ್ಲಿ ಗಂಡಸರ ಸಾಲು ಪ್ರತಿ ಹಾಡಿನಲ್ಲೂ ಅರ್ಧ ಹೆಜ್ಜೆ ಹಿಂದೆ ಉಳಿದು, ಕೊನೆಗೆ ಬಸ್ಸಿಗೆ ಓಡಿಬಂದವರ ಹಾಗೆ ಬಂದು ಸೇರುತ್ತದೆ. ಆದರೂ ನಾನು ಹೊರಟೆ. ಕನ್ನಡಕದ ಅಂಗಡಿಯ ಕೆಲಸದಿಂದ ಆಗಷ್ಟೇ ನಿವೃತ್ತಳಾಗಿದ್ದೆ. ಮನೆಯಲ್ಲಿ ಕೂತು ಪಕ್ಕದವರ ಬೇಲಿ ನೋಡುವುದಕ್ಕಿಂತ ಸಮುದ್ರ ನೋಡುವುದು ವಾಸಿ ಎನಿಸಿತ್ತು.

ಹಡಗು ಹತ್ತಿದ ಸಂಜೆಯೇ ಆಸ್ಗರ್ ಕೆಮ್ಮತೊಡಗಿದ. ಊಟದ ಮೇಜಿನ ತಲೆಯಲ್ಲಿ ಕೂತು, ಕರವಸ್ತ್ರವನ್ನು ಬಾಯಿಗೆ ಅಡ್ಡ ಹಿಡಿಯದೆ, ಹಾಡುಗಾರನಿಗೆ ಉಸಿರಿನ ಮಹತ್ವವೇನೆಂದು ಎಲ್ಲರಿಗೂ ವಿವರಿಸುತ್ತ ಕೆಮ್ಮಿದ.

"ಕೆಮ್ಮಾ?" ಎಂದೆ.

"ಕೆಮ್ಮಲ್ಲ. ಗಂಟಲು ಸರಿಮಾಡ್ಕೋತಿದೀನಿ. ಹಡಗಿನ ಒಣಗಾಳಿ."

ಮರುದಿನದ ಹೊತ್ತಿಗೆ ಅವನ ಪಕ್ಕ ಕೂತವರೂ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಟೋರ್ಸ್‌ಹಾವ್ನ್ ಬಂದರಿನಲ್ಲಿ ಇಳಿಯುವಾಗ ಇಡೀ ವೃಂದ ತನ್ನ ಹಾಡುಗಳಲ್ಲಿ ಎಂದೂ ಸಾಧಿಸದ ಒಗ್ಗಟ್ಟಿನಿಂದ ಗಂಟಲು ಸರಿಮಾಡಿಕೊಳ್ಳುತ್ತಿತ್ತು.

ನಾವು ಇಳಿದುಕೊಂಡದ್ದು ಮಾರ್ಯುನ್ ಎಂಬ ವಿಧವೆ ನಡೆಸುವ ಅತಿಥಿಗೃಹದಲ್ಲಿ. ಎರಡನೆಯ ಬೆಳಿಗ್ಗೆ ನನಗೆ ಎಚ್ಚರವಾದಾಗ ಗಂಟಲಲ್ಲಿ ಯಾರೋ ಉಪ್ಪುಕಾಗದ ಉಜ್ಜಿದಂತೆ ಇತ್ತು. ಮೈಯ ಗಂಟುಗಳೆಲ್ಲ ನೋಯುತ್ತಿದ್ದವು. ಮನೆಯಿಂದ ತಂದಿದ್ದ ಪರೀಕ್ಷೆಯ ಕಡ್ಡಿಯನ್ನು ಮೂಗಿಗೆ ತೂರಿ ಕಾದೆ. ಎರಡನೆಯ ಗೆರೆ ನಾಚಿಕೆಯಿಲ್ಲದೆ, ದಪ್ಪಗೆ, ತಡಮಾಡದೆ ಬಂತು.

ಮಾಸ್ಕು ಹಾಕಿಕೊಂಡು ಕೆಳಗೆ ಹೋಗಿ, ತಿಂಡಿಯ ಕೋಣೆಯ ಬಾಗಿಲಲ್ಲೇ ನಿಂತು ಹೇಳಿದೆ: "ನಂಗೆ ಕೋವಿಡ್ ಬಂದಿದೆ. ನಿಮಗೂ ಬಂದಿರತ್ತೆ. ಎಲ್ರೂ ಟೆಸ್ಟ್ ಮಾಡ್ಕೊಳ್ಳಿ."

ಚಮಚಗಳ ಸದ್ದು ನಿಂತಿತು. ಆಸ್ಗರ್ ರೊಟ್ಟಿಗೆ ಬೆಣ್ಣೆ ಹಚ್ಚುವುದನ್ನು ನಿಲ್ಲಿಸಲಿಲ್ಲ.

"ನಿನಗೆ ಟೆಸ್ಟ್ ಮಾಡ್ಕೋ ಅಂತ ಯಾರು ಹೇಳಿದ್ರು, ಬೊಡಿಲ್?"

"ಹೇಳೋದೇನು? ಜ್ವರ ಬಂತು, ಮಾಡ್ಕೊಂಡೆ."

"ಕಾನೂನೇ ಕೇಳ್ತಿಲ್ಲ. ನೀನ್ಯಾಕೆ ಕೇಳ್ಕೋತೀಯ?" ಅವನು ಸುತ್ತ ನೋಡಿದ. "ನೋಡಿ, ನಾಳೆ ವೃದ್ಧಾಶ್ರಮದಲ್ಲಿ ಹಾಡಬೇಕು. ನಾಡಿದ್ದು ಉತ್ಸವ. ಈಗ ಎಲ್ರೂ ಮೂಗಿಗೆ ಕಡ್ಡಿ ಹಾಕ್ಕೊಂಡು ಕೂತ್ರೆ ಬಂದಿದ್ದೆಲ್ಲ ವ್ಯರ್ಥ. ಸ್ವಲ್ಪ ಶೀತ ಆಗಿದೆ, ಅಷ್ಟೆ. ಟೆಸ್ಟ್ ಬೇಡ ಅನ್ನೋರು ಕೈ ಎತ್ತಿ."

ನಮ್ಮ ದೇಶದಲ್ಲಿ ನಾಲ್ಕು ಜನ ಸೇರಿದರೆ ಕೈ ಎತ್ತಿಸದೆ ಕಾಫಿಯನ್ನೂ ಕುದಿಸುವುದಿಲ್ಲ. ಕೈಗಳು ಎದ್ದವು. ಊರಿನ ಗ್ರಂಥಪಾಲಕನ ಕೈ, ಶಾಲೆಯ ಮಾಸ್ತರರ ಕೈ, ನಿವೃತ್ತ ನರ್ಸ್ ಒಬ್ಬಳ ಕೈ. ವಿಬೆಕೆಯ ಕೈ ಕೊನೆಗೆ ಎದ್ದಿತು. ಅವಳು ನನ್ನನ್ನು ನೋಡದೆ ಜಾಮಿನ ಬಟ್ಟಲನ್ನು ನೋಡುತ್ತ ಕೈ ಎತ್ತಿದಳು.

"ಅಲ್ಲಿ ತೊಂಬತ್ತು ದಾಟಿದವರಿದಾರೆ, ಆಸ್ಗರ್," ಎಂದೆ.

"ಅವ್ರಿಗೆಲ್ಲ ಲಸಿಕೆ ಆಗಿದೆ. ಅವ್ರಿಗೆ ಬೇಕಾಗಿರೋದು ಸಂಗೀತ. ನೀನು ಹೋಗಿ ಮಲ್ಕೋ. ರೆಸ್ಟ್ ತಗೋ." ಈ ಕೊನೆಯ ಮಾತನ್ನು ಎಷ್ಟು ಮೃದುವಾಗಿ ಹೇಳಿದನೆಂದರೆ ಇಬ್ಬರು ಹೆಂಗಸರು 'ಪಾಪ, ಬೊಡಿಲ್' ಎಂದರು. ಆಮೇಲೆ ಒಬ್ಬಳು ಕೆಮ್ಮಿದಳು.

ಮಹಡಿಗೆ ಹೋಗಿ ಮಲಗಿದೆ. ಸ್ವಲ್ಪ ಹೊತ್ತಿಗೆ ವಿಬೆಕೆ ಬಾಗಿಲಾಚೆ ಬಂದು ನಿಂತಳು. ಒಳಗೆ ಬರಲಿಲ್ಲ. ಕೋವಿಡ್ ಇಲ್ಲವೆಂದು ಕೈ ಎತ್ತಿದ ಹೆಂಗಸಿಗೆ ಕೋವಿಡ್‌ನ ಭಯ ಮಾತ್ರ ಚೆನ್ನಾಗಿಯೇ ಇತ್ತು.

"ಸಿಟ್ಟಾ?" ಎಂದಳು.

"ನಿನ್ನ ಗಂಟಲು ಹೇಗಿದೆ?"

"ಸ್ವಲ್ಪ ಕೆರೀತಿದೆ. ಆದ್ರೆ ಕಣೆ, ಆಸ್ಗರ್ ಎಷ್ಟು ಕಷ್ಟಪಟ್ಟಿದಾರೆ ಇದಕ್ಕೆ! ನೀನು ಸುಮ್ನೆ ಇದ್ಬಿಡು. ಯಾರಿಗೂ ಏನೂ ಆಗಲ್ಲ."

"ನಿನ್ನ ಅಮ್ಮ ಆ ಆಶ್ರಮದಲ್ಲಿದ್ದಿದ್ರೆ ಕೈ ಎತ್ತುತ್ತಿದ್ಯಾ?"

"ನೀನು ಯಾವಾಗ್ಲೂ ಹೀಗೇ, ಬೊಡಿಲ್. ಏನೋ ಒಂದು ತಂದು ಮುಖಕ್ಕೆ ಎಸೀತೀಯ," ಎಂದು ಹೊರಟುಹೋದಳು.

ವೃದ್ಧಾಶ್ರಮದ ಫೋನ್ ನಂಬರು ಹುಡುಕುವುದೇನು ಕಷ್ಟವಿರಲಿಲ್ಲ. ಫೋನ್ ಎತ್ತಿದ್ದು ಅಲ್ಲಿಯ ಮೇಲ್ವಿಚಾರಕಿ ಸೋಲ್ರುನ್. ನಾನು ಯಾರು, ಏನಾಗಿದೆ, ಎಲ್ಲ ಹೇಳಿದೆ.

"ಎಷ್ಟು ಜನಕ್ಕೆ ಕೆಮ್ಮಿದೆ?" ಎಂದು ಕೇಳಿದಳು.

"ಯಾರಿಗೂ ಇಲ್ಲ. ಎಲ್ರೂ ಗಂಟಲು ಸರಿಮಾಡ್ಕೋತಿದಾರೆ."

ಅವಳು ಸಣ್ಣಗೆ ನಕ್ಕಳು. "ಅರ್ಥ ಆಯ್ತು. ನಿಮ್ಮ ವೃಂದ ನಡೆಸೋರಿಗೆ ಈಗಲೇ ಫೋನ್ ಮಾಡ್ತೀನಿ. ಅವರ ನಂಬರು ಇದೆ."

ಅವಳು ಮಾಡಿದಳು. ಆಸ್ಗರ್ ಎತ್ತಲಿಲ್ಲ. ಎಷ್ಟು ಸಲ ಮಾಡಿದರೂ ಎತ್ತಲಿಲ್ಲ. ಎತ್ತಿದರೆ ಗೊತ್ತಾಗುತ್ತದೆ, ಗೊತ್ತಾದರೆ ಹೋಗುವಂತಿಲ್ಲ. ಮೂಗಿಗೆ ಹಾಕದ ಕಡ್ಡಿಯ ತರ್ಕವೇ ಎತ್ತದ ಫೋನಿಗೂ.

ಮರುದಿನ ಬೆಳಿಗ್ಗೆ ಅವರು ಬಸ್ಸು ಹತ್ತಿ ಹೋದದ್ದನ್ನು ಕಿಟಕಿಯಿಂದ ನೋಡಿದೆ. ಎಲ್ಲರೂ ನೀಲಿ ಸ್ಕಾರ್ಫ್ ಸುತ್ತಿಕೊಂಡಿದ್ದರು. ಮುಂದೆ ನಡೆದದ್ದನ್ನು ಆ ಮಧ್ಯಾಹ್ನ ವಿಬೆಕೆಯೇ ಫೋನಿನಲ್ಲಿ, ಅಳುತ್ತ, ನಡುನಡುವೆ ಕೆಮ್ಮುತ್ತ ಹೇಳಿದಳು.

ಆಶ್ರಮದ ಗೇಟಿನಲ್ಲೇ ಸೋಲ್ರುನ್ ನಿಂತಿದ್ದಳಂತೆ. ಒಳಗೆ ಬಿಡುವುದಿಲ್ಲ ಎಂದಳಂತೆ. ಆಸ್ಗರ್ ವಾದಿಸಿದ, ಬೇಡಿದ, ಉತ್ಸವದವರ ಹೆಸರು ಹೇಳಿದ. ಕೊನೆಗೆ, ಒಳಗೆ ಬೇಡವಾದರೆ ಹೊರಗೇ ಹಾಡುತ್ತೇವೆ ಎಂದು ವೃಂದವನ್ನು ವಾಹನ ನಿಲ್ಲಿಸುವ ಜಾಗದಲ್ಲಿ ಸಾಲಾಗಿ ನಿಲ್ಲಿಸಿದ. ಅಲ್ಲಿಯ ಗಾಳಿಯನ್ನು ನೀವು ಕಂಡಿಲ್ಲ. ಅದು ಮನುಷ್ಯರ ಬಾಯಿಯೊಳಗಿನ ಪದವನ್ನು ಹೊರಬರುವ ಮೊದಲೇ ಕಿತ್ತುಕೊಂಡು ಹೋಗುತ್ತದೆ.

"ಕಿಟಕಿ ತೆಗೀಲೇ ಇಲ್ಲ ಕಣೆ ಅವರು," ಎಂದಳು ವಿಬೆಕೆ. "ಮುದುಕಿಯರೆಲ್ಲ ಗಾಜಿನ ಹಿಂದೆ ಕೂತು ನಮ್ಮನ್ನ ನೋಡ್ತಿದ್ರು. ಒಬ್ಬಳು ಹೆಣೀತಿದ್ಲು. ನಾವು ಬಾಯಿ ತೆಗೀತಿದೀವಿ, ಮುಚ್ತಿದೀವಿ, ನಮಗೇ ಏನೂ ಕೇಳ್ತಿಲ್ಲ. ಎರಡನೇ ಚರಣಕ್ಕೆ ಅರ್ಧ ಜನ ಕೆಮ್ಮೋಕೆ ಶುರು ಮಾಡಿದ್ರು. ಆಸ್ಗರ್ ಕೈ ಮೇಲೆತ್ತಿದೋರು ಹಾಗೇ ಕೂತ್ಬಿಟ್ರು. ನೆಲದ ಮೇಲೆ!"

"ಆಮೇಲೆ?"

"ಆಮೇಲೇನು, ಸೋಲ್ರುನ್ ಒಂದು ಗಾಲಿಕುರ್ಚಿ ತಂದ್ಲು. ಅದ್ರಲ್ಲಿ ಕೂರಿಸಿ ಬಸ್ಸಿಗೆ ಹತ್ತಿಸಿದ್ರು. ಎಂಥಾ ಅವಮಾನ ಅವ್ರಿಗೆ! ಯಾರು ಮಾಡಿದ್ರೋ ಆ ಫೋನನ್ನ."

"ನಾನೇ."

"ಗೊತ್ತಿತ್ತು," ಎಂದಷ್ಟೇ ಹೇಳಿ ಇಟ್ಟುಬಿಟ್ಟಳು.

ಉತ್ಸವದವರು ಸುದ್ದಿ ಕೇಳಿ ನಮ್ಮ ಹೆಸರನ್ನು ತೆಗೆದುಹಾಕಿದರು. ಬಂದ ವೈದ್ಯೆ ಆಸ್ಗರ್‌ನ ಎದೆಗೆ ಸ್ಟೆತೊಸ್ಕೋಪ್ ಇಟ್ಟು, ಜ್ವರ ಇಳಿಯುವ ತನಕ ಪ್ರಯಾಣ ಕೂಡದೆಂದಳು. ಉಳಿದವರು ಊರಿಗೆ ಹೋಗುವ ಹಡಗು ಹತ್ತುವವರಿದ್ದರು. ಅವರಿಗೆ ಇದ್ದದ್ದು ಆಗಲೂ ಶೀತವೇ. ಹಾಗಾದರೆ ಆಸ್ಗರ್‌ನ ಜೊತೆ ಯಾರು ಉಳಿಯುವುದು? ಈ ಸಲ ಕೈ ಎತ್ತಿಸುವವರೂ ಇರಲಿಲ್ಲ, ಎತ್ತುವವರೂ ಇರಲಿಲ್ಲ.

ವಿಬೆಕೆ ಮತ್ತೆ ಬಾಗಿಲಾಚೆ ಬಂದಳು.

"ನೀನು ಹೇಗೂ ಇರ್ತೀಯಲ್ಲ," ಎಂದಳು. "ಸ್ವಲ್ಪ ಅವ್ರನ್ನ ನೋಡ್ಕೋತೀಯಾ?"

"ನೀನಿರು. ನಿನಗೆ ಅವನಂದ್ರೆ ಪ್ರಾಣ ಅಲ್ವಾ?"

"ಇರ್ತಿದ್ದೆ. ಆದ್ರೆ ಭಾನುವಾರ ಚರ್ಚಲ್ಲಿ ಮೊಮ್ಮಗಳ ದೀಕ್ಷೆ ಇದೆ. ನೆಂಟರೆಲ್ಲ ಬರ್ತಾರೆ. ಆಸ್ಗರ್‌ಗೂ ಗೊತ್ತು, ಅವ್ರು ಬೇಜಾರು ಮಾಡ್ಕೊಳ್ಳಲ್ಲ."

"ಕೆಮ್ಮಿಕೊಂಡು ಹೋಗ್ತೀಯಾ ಚರ್ಚಿಗೆ?"

"ಅಷ್ಟರಲ್ಲಿ ಕಡಿಮೆ ಆಗತ್ತೆ ಬಿಡೆ."

ಹೀಗೆ ಅವರು ಹೋದರು, ಅವನನ್ನು ನನ್ನ ತಲೆಗೆ ಕಟ್ಟಿ. ಮಾರ್ಯುನ್ ನಮ್ಮಿಬ್ಬರನ್ನೂ ಅಂಗಳದ ಕೆಳಗಿನ, ಹುಲ್ಲು ಹೊದಿಸಿದ ಚಾವಣಿಯ ಸಣ್ಣ ಮನೆಗೆ ಕಳಿಸಿದಳು. ಎರಡು ಕೋಣೆ, ನಡುವೆ ಹಲಗೆಯ ಗೋಡೆ. ಊಟವನ್ನು ಮೆಟ್ಟಿಲ ಮೇಲಿಟ್ಟು ಬೂಟಿನ ತುದಿಯಿಂದ ಬಾಗಿಲು ಕುಟ್ಟಿ ದೂರ ಹೋಗಿ ನಿಲ್ಲುತ್ತಿದ್ದಳು. ಬಾಯಿ ಬಿಗಿಹಿಡಿಯುವ ಜಾತಿಯ ಹೆಂಗಸಲ್ಲ.

"ನಿಮ್ಮ ದೊರೆ ಎದ್ರಾ?"

"ಇನ್ನೂ ಇಲ್ಲ."

"ಡೆನ್ಮಾರ್ಕಿಂದ ನಮಗೆ ಬರೋದೆಲ್ಲ ಹೀಗೇ. ಕರೆದಿರೋದಿಲ್ಲ. ಬಂದಮೇಲೆ ಹೋಗೋದೂ ಇಲ್ಲ."

ಅವಳ ಮಾತು ನನಗೆ ನಾಟಲಿಲ್ಲ ಎಂದಲ್ಲ. ಆದರೆ ಜ್ವರದ ಭರದಲ್ಲಿ ನಗು ಬಂತು, ನಗುವಿನ ಜೊತೆ ಕೆಮ್ಮು ಬಂತು. ಅವಳು ಇನ್ನೂ ನಾಲ್ಕು ಹೆಜ್ಜೆ ಹಿಂದೆ ಸರಿದಳು.

ನನ್ನ ಕಾಯಿಲೆ ದೊಡ್ಡದೇನಲ್ಲ. ಮೈಯೆಲ್ಲ ಜಜ್ಜಿದ ಹಾಗೆ ನೋವು, ಹಾಸಿಗೆಯಿಂದ ಒಲೆಯ ತನಕ ಹೋಗುವುದೇ ಬೆಟ್ಟ ಹತ್ತಿದಂತೆ. ಮೂಗು ಪೂರ್ತಿ ಸತ್ತಿತ್ತು. ಮಾರ್ಯುನ್ ಗಾಳಿಗೆ ತೂಗುಹಾಕಿ ಹುಳಿಸಿದ ಕುರಿಮಾಂಸವನ್ನು ಕಳಿಸುತ್ತಿದ್ದಳು. ನಮ್ಮವರು ಅದರ ವಾಸನೆಗೆ ಮೊದಲ ದಿನ ಮೇಜು ಬಿಟ್ಟು ಎದ್ದಿದ್ದರು. ನನಗೆ ವಾಸನೆಯೇ ಇಲ್ಲದ್ದರಿಂದ ಚೆನ್ನಾಗಿಯೇ ತಿಂದೆ. ಆಸ್ಗರ್ ಮಾತ್ರ ತಟ್ಟೆಯನ್ನು ಹಿಂದಕ್ಕೆ ತಳ್ಳುತ್ತಿದ್ದ. ಅವನಿಗೆ ಕಪ್ಪು ರೊಟ್ಟಿ ಬೇಕು, ಅದರ ಮೇಲೆ ಹಚ್ಚಲು ಹಂದಿಯ ಯಕೃತ್ತು ಅರೆದು ಮಾಡಿದ ನಮ್ಮೂರಿನ ಮುದ್ದೆಯೇ ಬೇಕು, ಚಹಾಕ್ಕೆ ಜೇನು ಬೇಕು, ಜೇನು ಗಟ್ಟಿಯಾಗಿರಬಾರದು. ಬೇಕಾದಾಗೆಲ್ಲ ಹಲಗೆಯ ಗೋಡೆಯನ್ನು ಬಡಿಯುತ್ತಿದ್ದ, ತಾಳ ಹಾಕುವವನಂತೆ.

ನಾನೇಕೆ ಅವನಿಗೆ ಚಹಾ ಕೊಟ್ಟೆ? ಕರುಣೆಯಿಂದಲ್ಲ. ಅವನು ಅಲ್ಲಿ ಸತ್ತರೆ ಊರಿನಲ್ಲಿ ಅವನಿಗೊಂದು ಕಲ್ಲು ನಿಲ್ಲಿಸಿ ಹಾಡುತ್ತಾರೆ, ಆ ಹಾಡನ್ನು ನಾನೂ ಕೇಳಬೇಕಾಗುತ್ತದೆ ಎಂಬ ಹೆದರಿಕೆಯಿಂದ.

"ಫೋನ್ ಮಾಡಿದ್ದು ನೀನು ತಾನೇ?" ಎಂದು ಒಂದು ಮಧ್ಯಾಹ್ನ ದಿಂಬಿನಿಂದ ತಲೆ ಎತ್ತದೆ ಕೇಳಿದ.

"ಹೌದು."

"ನಮ್ಮವರಿಗೇ ದ್ರೋಹ ಮಾಡ್ದೆ."

"ಸೂಪು ತಣ್ಣಗಾಗ್ತಿದೆ. ಕುಡಿ."

"ಮೀನು ಹಾಕಿದಾಳಾ ಇದಕ್ಕೆ?"

"ಇದು ಫೆರೋ, ಆಸ್ಗರ್. ಪಾಯಸಕ್ಕೆ ಹಾಕಿಲ್ಲ ಅಂತ ಸಂತೋಷಪಡು."

ಕುಡಿದ. ಗಡ್ಡ ಬೆಳೆದು, ಕೂದಲು ಜಿಡ್ಡಾಗಿ, ಆ ದೊಡ್ಡ ಮನುಷ್ಯ ತೊಯ್ದ ಕೋಳಿಯಂತೆ ಕಾಣುತ್ತಿದ್ದ. ಬಟ್ಟಲನ್ನು ಇಟ್ಟು, ಇದ್ದಕ್ಕಿದ್ದಂತೆ ಅವನ ತಾಯಿಯ ಮಾತು ತೆಗೆದ. ಆಕೆ ಕೊರೋನಾದ ಮೊದಲ ವರ್ಷವೇ ಹೋಲ್‌ಸ್ಟೆಬ್ರೋ ಕಡೆಯ ಒಂದು ವೃದ್ಧಾಶ್ರಮದಲ್ಲಿ ತೀರಿಕೊಂಡಿದ್ದು ನಮಗೆಲ್ಲ ಗೊತ್ತಿತ್ತು.

"ಕಿಟಕಿ ಹೊರಗೆ ನಿಲ್ಸಿದ್ರು ನನ್ನ," ಎಂದ. "ಒಳಗೆ ಬಿಡ್ಲಿಲ್ಲ. ನಾನು ಹೊರಗಿಂದ ಹಾಡಿದೆ. ಅವಳಿಗೆ ಕೇಳಿಸ್ತೋ ಇಲ್ವೋ, ದೇವರಿಗೇ ಗೊತ್ತು. ಕೈ ಮಾತ್ರ ಹೀಗೆ ಅಲ್ಲಾಡಿಸಿದ್ಲು. ಅದಾದ್ಮೇಲೆ... ಇಲ್ಲಿಯ ಮುದುಕರಿಗೆ ಹಾಡ್ಲೇಬೇಕು ಅಂತ ಹಠ ಬಂದಿತ್ತು ನಂಗೆ. ಒಳಗೆ ಹೋಗಿ, ಹತ್ರ ನಿಂತು."

ಅವನ ಕಣ್ಣಲ್ಲಿ ನೀರಿತ್ತು, ನಟನೆಯದಲ್ಲ. ನಾನು ಖಾಲಿ ಬಟ್ಟಲು ಹಿಡಿದು ಬಾಗಿಲಲ್ಲೇ ನಿಂತೆ. ನನ್ನ ಮನಸ್ಸು ಸ್ವಲ್ಪ ಕರಗಿತೆಂದೇ ಹೇಳಬೇಕು. ತಾಯಿಯನ್ನು ಹಾಗೆ ಕಳೆದುಕೊಂಡವನು ಇನ್ನೊಬ್ಬರ ತಾಯಂದಿರ ಮುಖಕ್ಕೆ ಹೇಗೆ ಕೆಮ್ಮಬಲ್ಲ ಎಂದು ಕೇಳಬೇಕೆಂದುಕೊಂಡೆ. ಕೇಳಲಿಲ್ಲ. ಕುರ್ಚಿ ಎಳೆದು ಕೂರೋಣವೆಂದು ಒಂದು ಹೆಜ್ಜೆ ಒಳಗಿಟ್ಟೆ.

ಅವನು ಕಣ್ಣೊರೆಸಿಕೊಂಡು ಚಾವಣಿ ನೋಡಿದ. "ಇದನ್ನೆಲ್ಲ ಪೇಪರಿನವರಿಗೆ ಹೇಳಿದ್ರೆ ಹೇಗಿರತ್ತೆ, ಬೊಡಿಲ್? ಜನಕ್ಕೆ ತಟ್ಟುತ್ತೆ, ಅಲ್ವಾ?"

ನಾನು ಬಟ್ಟಲು ತೊಳೆಯಲು ಹೋದೆ.

ಜ್ವರ ಇಬ್ಬರಿಗೂ ಇಳಿಯಿತು. ಅವನು ವಿಮಾನದಲ್ಲಿ ಊರಿಗೆ ಹೊರಟ. ಹೊರಡುವಾಗ ಮಾರ್ಯುನ್‌ಗೆ ಕೈಕುಲುಕಿ, ಅವಳ ಊಟವನ್ನು ಎಂದೂ ಮರೆಯುವುದಿಲ್ಲ ಎಂದ. ಅದು ನಿಜವೇ ಇರಬೇಕು. ನನ್ನ ಕಡೆ ತಿರುಗಿ, "ಮಂಗಳವಾರ ಅಭ್ಯಾಸಕ್ಕೆ ಬರ್ತೀಯಲ್ಲ? ಆದದ್ದೆಲ್ಲ ಮರೆತುಬಿಡೋಣ," ಎಂದ. ಮರೆಯುವುದರಲ್ಲಿ ಅವನಿಗಿರುವ ಪಳಗಿದ ಕೈ ನನಗಿಲ್ಲ.

ನಾನು ಅವನ ಜೊತೆ ಹೋಗಲಿಲ್ಲ. ನನ್ನ ಹಡಗಿನ ಟಿಕೆಟ್ ಬದಲಿಸಬೇಕಿತ್ತು. ಬಂದರಿನ ಕಚೇರಿಯ ಹುಡುಗಿ, "ಡೆನ್ಮಾರ್ಕಿಗೆ ಯಾವತ್ತು ಹಾಕ್ಲಿ?" ಎಂದು ಕೇಳಿದಾಗ, ಅದೇ ಹಡಗು ಮೊದಲು ಐಸ್‌ಲ್ಯಾಂಡಿಗೆ ಹೋಗಿ ಆಮೇಲೆ ತಿರುಗುತ್ತದೆಂದು ಗೋಡೆಯ ಮೇಲೆ ಬರೆದದ್ದು ಕಂಡಿತು. "ಐಸ್‌ಲ್ಯಾಂಡಿಗೇ ಹಾಕಿ," ಎಂದೆ. ಬಾಯಿಂದ ಬಂದಮೇಲೆ ಅದು ನನಗೇ ಹೊಸದಾಗಿ ಕೇಳಿಸಿತು. ಅದಕ್ಕೆ ಯಾರೂ ಕೈ ಎತ್ತಬೇಕಿರಲಿಲ್ಲ.

ಹಡಗು ಬರುವ ಮುಂಚೆ ಸೋಲ್ರುನ್ ಫೋನ್ ಮಾಡಿ ಕಾಫಿಗೆ ಕರೆದಳು. ಪರೀಕ್ಷೆ ಮಾಡಿಕೊಂಡು, ಒಂದೇ ಗೆರೆ ಬಂದಮೇಲೆ ಹೋದೆ. ಆಶ್ರಮದಲ್ಲಿ ಯಾರಿಗೂ ಏನೂ ಆಗಿರಲಿಲ್ಲ. ಕಿಟಕಿಯ ಬಳಿ ಹೆಣೆಯುತ್ತ ಕೂತಿದ್ದ ಮುದುಕಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಅವತ್ತು ಗೇಟಿನ ಹತ್ರ ನಿಂತು ಬಾಯಿ ಬಾಯಿ ಬಿಡ್ತಿದ್ರಲ್ಲ, ನೀನು ಅವರ ಕಡೆಯವಳಾ?"

"ಹೌದಮ್ಮ."

"ಒಳಗೆ ಏನೂ ಕೇಳಿಸ್ಲಿಲ್ಲ."

"ನಿಮ್ಮ ಪುಣ್ಯ," ಎಂದೆ.

ಮುದುಕಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು, ರಬಾರ್ಬ್ ಎಂಬ ಹುಳಿ ದಂಟಿನ ಕೇಕಿನ ದೊಡ್ಡ ತುಂಡನ್ನು ನನ್ನ ತಟ್ಟೆಗೆ ತಳ್ಳಿದಳು. ಹುಳಿಯ ವಾಸನೆ ಸಣ್ಣಗೆ ಮೂಗಿಗೆ ತಾಗಿತು. ಎಷ್ಟೋ ದಿನಗಳ ಮೇಲೆ ಬಂದ ಮೊದಲ ವಾಸನೆ ಅದು. ಎರಡು ತುಂಡು ತಿಂದೆ.

ಐಸ್‌ಲ್ಯಾಂಡಿನ ಪೂರ್ವದ ಒಂದು ಸಣ್ಣ ಊರಿನಲ್ಲಿದ್ದಾಗ ವಿಬೆಕೆ ಫೋನ್ ಮಾಡಿದಳು. ದೀಕ್ಷೆ ಬಹಳ ಚೆನ್ನಾಗಿ ಆಯಿತಂತೆ. ಆಮೇಲೆ ಬೀಗರ ಮನೆಯ ಅಜ್ಜ ಆಸ್ಪತ್ರೆ ಸೇರಿ ಬಂದರಂತೆ, ಈಗ ಪರವಾಗಿಲ್ಲವಂತೆ. ಯಾರಿಂದ ಬಂತೋ ಗೊತ್ತಿಲ್ಲವಂತೆ. ನಾನು ಏನಾದರೂ ಹೇಳುವ ಮೊದಲೇ ದನಿ ಏರಿಸಿದಳು.

"ಇವತ್ತಿನ ಪೇಪರ್ ನೋಡಿದ್ಯಾ? ಆಸ್ಗರ್ ಬಗ್ಗೆ ಇಡೀ ಪುಟ ಬಂದಿದೆ. ಓದ್ತೀನಿ ಕೇಳು."

ಓದಿದಳು. 'ವೃದ್ಧಾಶ್ರಮದ ಕಾರ್ಯಕ್ರಮ ರದ್ದು ಮಾಡಿದ್ದು ನನ್ನ ಜೀವನದ ಅತ್ಯಂತ ಕಠಿಣ ನಿರ್ಧಾರ. ಆದರೆ ಹಿರಿಯರ ಜೀವಕ್ಕಿಂತ ಹಾಡು ದೊಡ್ಡದಲ್ಲ.' ತಾಯಿ, ಕಿಟಕಿ, ಅಲ್ಲಾಡಿದ ಕೈ, ಎಲ್ಲವೂ ಇತ್ತು. ನಡುವೆ ಓದುವುದನ್ನು ನಿಲ್ಲಿಸಿ ಮೂಗು ಸೀಟಿದಳು.

"ವಿಬೆಕೆ," ಎಂದೆ, "ಆ ಗೇಟಿನ ಹತ್ರ ನೀನೂ ನಿಂತಿದ್ದೆ."

"ನಿಂತಿದ್ದೆ."

"ಅವನು ರದ್ದು ಮಾಡಿದ್ನಾ?"

"ಇಲ್ಲ... ಆದ್ರೆ ಅವ್ರು ಹೇಳಿದ್ಮೇಲೆ ನಂಗೂ ಹಾಗೇ ನೆನಪಾಗ್ತಿದೆ ಕಣೆ."

ಜಗಳವಾಡುವ ಮನಸ್ಸಾಗಲಿಲ್ಲ. ಸುಳ್ಳು ಹೇಳುವವನ ಜೊತೆ ಜಗಳವಾಡಬಹುದು, ಅದನ್ನು ಬೆಚ್ಚಗೆ ಹೊದ್ದು ಮಲಗಿದವಳ ಜೊತೆ ಆಗುವುದಿಲ್ಲ. ನಾನಿನ್ನು ವೃಂದಕ್ಕೆ ಬರುವುದಿಲ್ಲ ಎಂದು ಹೇಳಿದೆ.

"ಅಯ್ಯೋ, ಹಾಗಂದ್ರೆ ಹೇಗೆ? ಆಸ್ಗರ್ ನಿನ್ನ ಕ್ಷಮಿಸಿದಾರೆ!"

"ಅವನಿಗೆ ಥ್ಯಾಂಕ್ಸ್ ಹೇಳು," ಎಂದು ಫೋನ್ ಇಟ್ಟೆ.

ಆ ಊರಿನಲ್ಲಿ ಬಿಸಿನೀರಿನ ಒಂದು ಕೊಳವಿತ್ತು. ಊರಿನವರೆಲ್ಲ ಸಂಜೆಗೆ ಅಲ್ಲಿ ಕುತ್ತಿಗೆಯವರೆಗೆ ಮುಳುಗಿ ಕೂರುತ್ತಿದ್ದರು. ನಾನೂ ಟವೆಲ್ ತೆಗೆದುಕೊಂಡು ಹೋದೆ. ಪಕ್ಕದಲ್ಲಿದ್ದ ಲಾರಿ ಓಡಿಸುವ ಹೆಂಗಸೊಬ್ಬಳು ಎಲ್ಲಿಂದ ಬಂದೆ, ಯಾಕೆ ಬಂದೆ ಎಂದು ಕೇಳಿದಳು. ಮೊದಲಿನಿಂದ ಎಲ್ಲ ಹೇಳಿದೆ. ಅವಳು ನಡುವೆ ಬಾಯಿ ಹಾಕದೆ ಕೇಳಿ, ಕೊನೆಗೆ ಆಸ್ಗರ್‌ನ ಬಗ್ಗೆ ಐಸ್‌ಲ್ಯಾಂಡಿನ ಭಾಷೆಯಲ್ಲಿ ಒಂದೇ ಒಂದು ಪದ ಹೇಳಿದಳು. ಅದರ ಅರ್ಥ ಕೇಳಿ ತಿಳಿದುಕೊಂಡೆ. ಇಲ್ಲಿ ಬರೆಯುವಂಥದ್ದಲ್ಲ.